ಹಾಳಾದ ಪಾರ್ಟಿಷನ್‌ನಿಂದ ಫೈಲ್ ವಾಪಸ್ ಪಡೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಫೈಲ್ ಕಳೆದುಕೊಂಡ ಹೊತ್ತಿನಲ್ಲಿ ಉದ್ದದ ಬರಹ ಓದುವ ತಾಳ್ಮೆ ಯಾರಿಗೂ ಇರುವುದಿಲ್ಲ. ಅದಕ್ಕೇ ಮುಖ್ಯವಾದ ಮಾತು ಮೊದಲೇ ಹೇಳಿಬಿಡುತ್ತೇನೆ. ಆ ಡಿಸ್ಕ್ ಮೇಲೆ ಇನ್ನು ಒಂದಕ್ಷರವೂ ಬರೆಯಬೇಡಿ. ಓದುವುದು ಮಾತ್ರ. ಕೆಳಗಿರುವ ಎಲ್ಲ ಉತ್ತರಗಳೂ ಈ ಒಂದು ಮಾತಿನ ಸುತ್ತಲೇ ಇವೆ.

ಡ್ರೈವ್ ತೆರೆದರೆ "ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು" ಅಂತ ಬರುತ್ತಿದೆ. ಎಲ್ಲ ಹೋಯ್ತಾ?

ಹೆಚ್ಚಿನ ಸಲ ಇಲ್ಲ. ವಿಂಡೋಸ್‌ಗೆ ಆ ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) ಯಾವ ಬಗೆಯದು ಅಂತ ಗುರುತು ಸಿಗುತ್ತಿಲ್ಲ, ಅಷ್ಟೇ. ಗುರುತು ಸಿಗದ್ದನ್ನೆಲ್ಲ ಅದು ಖಾಲಿ ಜಾಗ ಅಂತಲೇ ಲೆಕ್ಕ ಹಾಕುತ್ತದೆ. ಫಾರ್ಮ್ಯಾಟ್ ಮಾಡಲಾ ಅಂತ ಕೇಳುವುದು ಅದಕ್ಕೇ. "ರದ್ದು ಮಾಡು" ಒತ್ತಿ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದಾಗ "ಈ ಡಿಸ್ಕನ್ನು ಇನಿಷಿಯಲೈಸ್ ಮಾಡಬೇಕು" ಅಂತ ಬಂದರೆ ಅದಕ್ಕೂ ಬೇಡ ಅನ್ನಿ. ಗಾಬರಿಯಲ್ಲಿ ಆಗಲೇ ಒತ್ತಿಬಿಟ್ಟಿದ್ದರೂ ಕೈಚೆಲ್ಲಬೇಡಿ. ಇನಿಷಿಯಲೈಸ್ ಮಾಡಿದಾಗ ಪಾರ್ಟಿಷನ್‌ಗಳ ಹೊಸ ಪಟ್ಟಿ ಬರೆಯುವುದು ಡಿಸ್ಕಿನ ಅಂಚಿನ ಒಂದಿಷ್ಟು ಸೆಕ್ಟರ್‌ಗಳಲ್ಲಿ (ಡಿಸ್ಕ್ ಒಮ್ಮೆಗೆ ಓದಿ ಬರೆಯುವ ಪುಟ್ಟ ತುಂಡುಗಳಲ್ಲಿ) ಮಾತ್ರ. ನಡುವೆ ಇರುವ ನಿಮ್ಮ ಫೈಲ್‌ಗಳನ್ನು ಅದು ಮುಟ್ಟುವುದಿಲ್ಲ.

ಈಗ, ಈ ಗಳಿಗೆಯಲ್ಲಿ ಏನು ಮಾಡಬೇಕು?

ಎಕ್ಸ್‌ಟರ್ನಲ್ ಡಿಸ್ಕ್ ಆಗಿದ್ದರೆ ಬಿಚ್ಚಿ ಪಕ್ಕಕ್ಕಿಡಿ. ಕಂಪ್ಯೂಟರ್ ಒಳಗಿನ ಡಿಸ್ಕ್ ಆಗಿದ್ದರೆ, ಅದರಲ್ಲೂ ವಿಂಡೋಸ್ ಇರುವುದು ಅದೇ ಡಿಸ್ಕಿನಲ್ಲಾದರೆ, ಕಂಪ್ಯೂಟರನ್ನೇ ಆಫ್ ಮಾಡಿ. ನೀವು ಸುಮ್ಮನೆ ಕೂತಿದ್ದರೂ ಆಪರೇಟಿಂಗ್ ಸಿಸ್ಟಮ್ ಸುಮ್ಮನಿರುವುದಿಲ್ಲ. ಬ್ರೌಸರ್ ಕ್ಯಾಶ್, ಅಪ್‌ಡೇಟ್, ಲಾಗ್ ಅಂತ ಏನಾದರೂ ಬರೆಯುತ್ತಲೇ ಇರುತ್ತದೆ. ಅಳಿಸಿದ ಫೈಲ್ ಇದ್ದ ಜಾಗ ಅದರ ಲೆಕ್ಕದಲ್ಲಿ ಖಾಲಿ. ಮುಂದಿನ ಅಪ್‌ಡೇಟ್ ಬಂದು ಅಲ್ಲೇ ಕೂರಬಹುದು.

ರಿಕವರಿ ಸಾಫ್ಟ್‌ವೇರನ್ನು ಅದೇ ಡ್ರೈವಿಗೆ ಡೌನ್‌ಲೋಡ್ ಮಾಡುವುದು, ಸಿಕ್ಕ ಫೈಲ್‌ಗಳನ್ನು ಅದೇ ಡ್ರೈವಿಗೆ ಉಳಿಸುವುದು, ಎರಡೂ ದೊಡ್ಡ ತಪ್ಪು. ಎರಡನೆಯದನ್ನು ನಾನೇ ಒಮ್ಮೆ ಮಾಡಿದ್ದೇನೆ. ಬೇರೆ ಡಿಸ್ಕ್ ಕೈಯಲ್ಲಿರಲಿಲ್ಲ, ಸಾಫ್ಟ್‌ವೇರ್ ಪಟ್ಟಿಯಲ್ಲಿ ಫೋಟೋಗಳೆಲ್ಲ ಚೆನ್ನಾಗಿ ಕಾಣುತ್ತಿದ್ದವು, "ಇಲ್ಲೇ ಒಂದು ಫೋಲ್ಡರ್ ಮಾಡಿ ಹಾಕೋಣ" ಅಂದುಕೊಂಡೆ. ಮೊದಲ ಇನ್ನೂರು ಫೋಟೋ ಸರಿಯಾಗಿ ಬಂದವು. ಆಮೇಲೆ ಬಂದವು ಅರ್ಧ ಬೂದು, ಅರ್ಧ ಬೇರೆ ಯಾವುದೋ ಫೋಟೋದ ತುಂಡು. ಉಳಿಸಿದ ಒಂದೊಂದು ಫೋಟೋವೂ ಇನ್ನೂ ಉಳಿಸಬೇಕಿದ್ದ ಮತ್ತೊಂದರ ಮೇಲೆ ಕೂರುತ್ತಿತ್ತು. ಆ ಫೋಟೋಗಳು ಮತ್ತೆ ಸಿಗಲಿಲ್ಲ. ಇದನ್ನು ಇಷ್ಟು ಒತ್ತಿ ಹೇಳುತ್ತಿರುವುದು ಅದಕ್ಕೇ.

ಪಾರ್ಟಿಷನ್ ಹಾಳಾಗುವುದು ಅಂದರೆ ನಿಜವಾಗಿ ಹಾಳಾಗುವುದು ಏನು?

ಇದು ಅರ್ಥವಾದರೆ ಅರ್ಧ ಭಯ ಹೋಗುತ್ತದೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಡಿಸ್ಕ್ ಒಂದು ಉದ್ದನೆಯ ಹೊಲ ಅಂದುಕೊಳ್ಳಿ. ಅದನ್ನು ಭಾಗ ಮಾಡಿ ಗಡಿಕಲ್ಲು ನೆಟ್ಟಿರುವುದೇ ಪಾರ್ಟಿಷನ್ ಪಟ್ಟಿ. ಹಳೆಯ ಎಂಬಿಆರ್ ಪದ್ಧತಿಯಲ್ಲಿ ಈ ಪಟ್ಟಿ ಡಿಸ್ಕಿನ ಮೊಟ್ಟಮೊದಲ ಸೆಕ್ಟರ್‌ನಲ್ಲಿರುತ್ತದೆ. ಆ ಸೆಕ್ಟರ್ 512 ಬೈಟ್. ಅದರಲ್ಲಿ ಪಟ್ಟಿಗೆ ಸಿಗುವ ಜಾಗ ಬರೀ 64 ಬೈಟ್: 16 ಬೈಟಿನ ನಾಲ್ಕು ಸಾಲು. ಕೊನೆಯ ಎರಡು ಬೈಟ್ 55 ಎಎ ಅನ್ನುವ ಮುದ್ರೆ. ಈ 64 ಬೈಟ್ ಅಳಿಸಿಹೋದರೆ ಒಂದು ಟಿಬಿ ಡಿಸ್ಕ್ ಪೂರ್ತಿ ಖಾಲಿ ಅಂತ ಕಾಣುತ್ತದೆ. ಗಡಿಕಲ್ಲು ಕಿತ್ತಿದ್ದಾರೆ, ಹೊಲ ಎಲ್ಲಿಗೂ ಹೋಗಿಲ್ಲ.

ಹೊಸ ಡಿಸ್ಕ್‌ಗಳಲ್ಲಿ ಇರುವುದು ಜಿಪಿಟಿ. ಇದು ಜಾಣತನದ ಕೆಲಸ. ಪಟ್ಟಿಯ ಒಂದು ಪ್ರತಿ ಡಿಸ್ಕಿನ ಆರಂಭದಲ್ಲಿ, ಇನ್ನೊಂದು ಕೊನೆಯಲ್ಲಿ. ಒಂದು ಕೆಟ್ಟರೆ ಇನ್ನೊಂದರಿಂದ ಸರಿಮಾಡಬಹುದು.

ಗಡಿಯ ಒಳಗೆ ಎರಡನೇ ಪದರ ಇದೆ, ಅದು ಫೈಲ್ ಸಿಸ್ಟಮ್. ಯಾವ ಫೈಲಿನ ಹೆಸರೇನು, ಗಾತ್ರ ಎಷ್ಟು, ಅದರ ತುಂಡುಗಳು ಎಲ್ಲೆಲ್ಲಿವೆ ಅನ್ನುವ ಲೆಕ್ಕದ ಪುಸ್ತಕ. ವಿಂಡೋಸಿನ ಮಾಮೂಲಿ ಫೈಲ್ ಸಿಸ್ಟಮ್ ಆದ ಎನ್‌ಟಿಎಫ್‌ಎಸ್‌ನಲ್ಲಿ ಈ ಪುಸ್ತಕಕ್ಕೆ ಎಂಎಫ್‌ಟಿ ಅನ್ನುತ್ತಾರೆ. ಪ್ರತಿ ಫೈಲಿಗೂ ಅದರಲ್ಲಿ ಸಾಮಾನ್ಯವಾಗಿ 1024 ಬೈಟಿನ ಒಂದು ಪುಟ. ಫೈಲ್ ತೀರಾ ಚಿಕ್ಕದಾಗಿದ್ದರೆ ಅದರ ವಿಷಯವೂ ಆ ಪುಟದಲ್ಲೇ ಇರುತ್ತದೆ. ಮೂರನೇ ಪದರ ಫೈಲ್‌ಗಳ ನಿಜವಾದ ವಿಷಯ. ಡಿಸ್ಕಿನ ಬಹುಪಾಲು ಜಾಗ ಇದರದ್ದೇ.

ಗಡಿ ಹೋಗಿದ್ದರೆ ಎಲ್ಲವೂ ಹೆಸರಿನ ಸಮೇತ ಸಿಗುತ್ತದೆ. ಲೆಕ್ಕದ ಪುಸ್ತಕ ಹರಿದಿದ್ದರೆ ಫೈಲ್ ಸಿಕ್ಕರೂ ಹೆಸರು, ಫೋಲ್ಡರ್ ಸಿಗದೇ ಹೋಗಬಹುದು. ವಿಷಯದ ಮೇಲೆಯೇ ಬೇರೇನಾದರೂ ಬರೆದಿದ್ದರೆ ಅಷ್ಟು ಭಾಗ ಹೋದ ಹಾಗೆ. ಯಾವ ಸಾಫ್ಟ್‌ವೇರಿನಿಂದಲೂ ಅದು ಬರುವುದಿಲ್ಲ.

ಡಿಸ್ಕೇ ಕೆಟ್ಟಿದೆಯೋ, ಬರೀ ಪಾರ್ಟಿಷನ್ ಕೆಟ್ಟಿದೆಯೋ ಗೊತ್ತಾಗುವುದು ಹೇಗೆ?

ಮೊದಲು ಕಿವಿಗೊಡಿ. ಟಕ್ ಟಕ್ ಅಂತ ಒಂದೇ ಲಯದಲ್ಲಿ ಸದ್ದು, ಕಿರ್ ಅಂತ ಉಜ್ಜಿದ ಹಾಗೆ ಸದ್ದು, ತಿರುಗಲು ಶುರುವಾಗಿ ನಿಂತುಬಿಡುವುದು, ಇವೆಲ್ಲ ಯಂತ್ರಭಾಗದ ತೊಂದರೆ. ತಕ್ಷಣ ಕರೆಂಟ್ ತೆಗೆಯಿರಿ. ಮುಂದೆ ಲ್ಯಾಬ್ ಬಗ್ಗೆ ಬರೆದಿರುವುದನ್ನು ಓದಿ.

ಸದ್ದು ಮಾಮೂಲಿಯಾಗಿದ್ದರೆ ಸ್ಮಾರ್ಟ್ ಮಾಹಿತಿ ನೋಡಿ. ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಟ್ಟುಕೊಳ್ಳುವ ದಾಖಲೆ ಅದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಥವಾ ಜಿಸ್ಮಾರ್ಟ್‌ಕಂಟ್ರೋಲ್ ತಂತ್ರಾಂಶದಲ್ಲಿ ಕಾಣುತ್ತದೆ. ಕೆಲವು ಸಾಲು ನೋಡಿದರೆ ಸಾಕು. 5ನೇ ಸಂಖ್ಯೆ, ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳು. 197, ಓದಲು ಆಗದೆ ತೀರ್ಮಾನಕ್ಕೆ ಕಾಯುತ್ತಿರುವವು. 198, ತಪಾಸಣೆಯಲ್ಲಿ ಓದಲಾಗದವು. ನಾನು ಮೊದಲು ನೋಡುವುದು 197. ಅದು ಸೊನ್ನೆ ಅಲ್ಲದಿದ್ದರೆ, ಅದರಲ್ಲೂ ದಿನದಿಂದ ದಿನಕ್ಕೆ ಏರುತ್ತಿದ್ದರೆ, ಆ ಡಿಸ್ಕ್ ಕಾಯಿಲೆಯಲ್ಲಿದೆ ಅಂತಲೇ ನಡೆದುಕೊಳ್ಳಿ.

199 ಮಾತ್ರ ಏರಿದ್ದರೆ ಖುಷಿಪಡಬಹುದು. ಹೆಚ್ಚಾಗಿ ಅದು ಕೇಬಲ್ಲಿನ ದೋಷ. ಕೇಬಲ್ ಬದಲಿಸಿ, ಬೇರೆ ಯುಎಸ್‌ಬಿ ಕಿಂಡಿಯಲ್ಲಿ ಹಾಕಿ ನೋಡಿ. ಸತ್ತೇ ಹೋಯಿತು ಅಂದುಕೊಂಡ ಎಷ್ಟೋ ಡಿಸ್ಕ್‌ಗಳು ಇಷ್ಟರಲ್ಲೇ ಎದ್ದು ಕೂತಿವೆ.

ಚೆಕ್‌ಡಿಸ್ಕ್ ಓಡಿಸಿ ನೋಡಲಾ?

ಬೇಡ. ಕನಿಷ್ಠ ಈಗ ಬೇಡ.

ಚೆಕ್‌ಡಿಸ್ಕ್ ವಿಂಡೋಸಿನ ಡಿಸ್ಕ್ ತಪಾಸಣೆ ಸಾಧನ, ಆದರೆ ಅದು ಮಾಡುವ ಕೆಲಸವೇ ಬೇರೆ. ಫೈಲ್ ಸಿಸ್ಟಮ್ ಮತ್ತೆ ಗೊಂದಲವಿಲ್ಲದೆ ನಡೆಯಬೇಕು ಅನ್ನುವುದು ಅದರ ಗುರಿ. ನಿಮ್ಮ ಫೈಲ್ ಉಳಿಯಬೇಕು ಅನ್ನುವುದು ಅಲ್ಲ. ಲೆಕ್ಕ ತಾಳೆಯಾಗದ ಪುಟ ಕಂಡರೆ ಅದನ್ನು ಕಿತ್ತುಹಾಕಿ ಮುಂದೆ ಹೋಗುತ್ತದೆ. ಫೋಲ್ಡರಿನ ಕೊಂಡಿ ತಪ್ಪಿದ ತುಂಡುಗಳನ್ನು ಹೆಸರಿಲ್ಲದ ಸಿಎಚ್‌ಕೆ ಫೈಲ್‌ಗಳಾಗಿ ಒಂದು ಕಡೆ ಗುಡ್ಡೆ ಹಾಕುತ್ತದೆ. ಮಾಡಿದ್ದನ್ನು ವಾಪಸ್ ತೆಗೆದುಕೊಳ್ಳುವ ದಾರಿ ಇಲ್ಲ. ಲಿನಕ್ಸಿನಲ್ಲಿ ಇದೇ ಕೆಲಸ ಮಾಡುವ ಎಫ್‌ಎಸ್‌ಸಿಕೆಗೂ ಇದೇ ಮಾತು. ಡಿಸ್ಕ್‌ನಲ್ಲಿ ಕೆಟ್ಟ ಸೆಕ್ಟರ್ ಬೇರೆ ಇದ್ದರೆ ಗಂಟೆಗಟ್ಟಲೆ ಅಲ್ಲೇ ಓದುವ ಹೆಡ್ ಉಜ್ಜಿಸಿ ಇರುವುದನ್ನೂ ಕೆಡಿಸಬಹುದು.

ಇಡೀ ಡಿಸ್ಕಿನ ಪ್ರತಿ ತೆಗೆದಾದ ಮೇಲೆ (ಹೇಗೆ ಅಂತ ಮುಂದಿನ ಪ್ರಶ್ನೆಯಲ್ಲಿದೆ), ಆ ಪ್ರತಿಯ ಮೇಲೆ ಬೇಕಿದ್ದರೆ ಓಡಿಸಿ. ಆಗ ಏನಾದರೂ ಎಡವಟ್ಟಾದರೆ ಮತ್ತೊಂದು ಪ್ರತಿ ಮಾಡಿಕೊಂಡರಾಯಿತು. ಕಂಪ್ಯೂಟರ್ ಶುರುವಾಗುವಾಗ ವಿಂಡೋಸ್ ತಾನಾಗಿಯೇ ಚೆಕ್‌ಡಿಸ್ಕ್ ಓಡಿಸಲು ಹೊರಟರೆ, ಕೊಟ್ಟ ಕೆಲವೇ ಸೆಕೆಂಡಿನಲ್ಲಿ ಕೀ ಒತ್ತಿ ತಪ್ಪಿಸಿ.

ಮೊದಲು ಇಮೇಜ್ ತೆಗೆಯಬೇಕು ಅಂತಾರಲ್ಲ, ಅದು ಯಾಕೆ? ಹೇಗೆ?

ಇಮೇಜ್ ಅಂದರೆ ಡಿಸ್ಕಿನ ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನವರೆಗೆ ಇದ್ದದ್ದು ಇದ್ದ ಹಾಗೆ ನಕಲು. ಫೈಲ್ ಕಾಪಿ ಅಲ್ಲ. ಖಾಲಿ ಅಂತ ಕಾಣುವ ಜಾಗವೂ ಸೇರಿ ಎಲ್ಲವೂ ಬರುತ್ತದೆ. ಕಾಯಿಲೆ ಬಿದ್ದ ಡಿಸ್ಕಿಗೆ ಎಷ್ಟು ಓದು ಬಾಕಿ ಇದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಒಂದೇ ಸಲ ಓದಿಸಿ, ಆಮೇಲೆ ಮೂಲವನ್ನು ಎತ್ತಿಟ್ಟುಬಿಡುವುದು ಒಳ್ಳೆಯದು. ಉಳಿದ ಪ್ರಯೋಗವೆಲ್ಲ ನಕಲಿನ ಮೇಲೆ.

ಇದಕ್ಕೆ ನಾನು ನಂಬುವುದು ಗ್ನೂ ಡಿಡಿರೆಸ್ಕ್ಯೂ. ಉಚಿತ, ಲಿನಕ್ಸಿನಲ್ಲಿ ಓಡುತ್ತದೆ. ಲಿನಕ್ಸ್ ಗೊತ್ತಿಲ್ಲದಿದ್ದರೂ ಪೆನ್‌ಡ್ರೈವಿನಿಂದ ಬೂಟ್ ಮಾಡುವ ಸಿಸ್ಟಮ್‌ರೆಸ್ಕ್ಯೂ ಥರದ್ದನ್ನು ಬಳಸಬಹುದು, ಅದರಲ್ಲೇ ಇದು ಇರುತ್ತದೆ. ಹೆಸರು ಹತ್ತಿರ ಇರುವ ಡಿಡಿ ಅನ್ನುವುದು ಬೇರೆ. ಮಾಮೂಲಿ ಡಿಡಿ ಕೆಟ್ಟ ಸೆಕ್ಟರ್ ಸಿಕ್ಕ ಕೂಡಲೇ ನಿಂತುಬಿಡುತ್ತದೆ. ಡಿಡಿರೆಸ್ಕ್ಯೂ ಹಾಗಲ್ಲ. ಮೊದಲ ಸುತ್ತಿನಲ್ಲಿ ಸಲೀಸಾಗಿ ಓದಲು ಸಿಗುವುದನ್ನೆಲ್ಲ ಬಾಚಿಕೊಳ್ಳುತ್ತದೆ, ತಕರಾರಿರುವ ಜಾಗವನ್ನು ಹಾರಿಸಿಬಿಡುತ್ತದೆ. ಆಮೇಲೆ ಹಾರಿಸಿದ ಕಡೆಗೆ ಹೋಗಿ ಅಂಚಿನಿಂದ ಸ್ವಲ್ಪ ಸ್ವಲ್ಪವಾಗಿ ಕೆರೆಯುತ್ತದೆ. ಮೊದಲ ಸಲ ಹೈಫನ್ ಎನ್ ಆಯ್ಕೆ ಕೊಟ್ಟರೆ ಈ ಕೆರೆಯುವ ಹಂತ ಬಿಟ್ಟು ಸುಲಭದ್ದನ್ನು ಮಾತ್ರ ತೆಗೆಯುತ್ತದೆ. ಹಾಗೇ ಶುರು ಮಾಡಿ.

ಮ್ಯಾಪ್ ಫೈಲ್ ಹೆಸರು ಕೊಡುವುದನ್ನು ಮಾತ್ರ ಮರೆಯಬೇಡಿ. ಯಾವ ಜಾಗ ಓದಿ ಆಯಿತು, ಯಾವುದು ಬಾಕಿ ಅಂತ ಅದರಲ್ಲಿ ಬರೆದಿಡುತ್ತದೆ. ನಡುವೆ ಕರೆಂಟ್ ಹೋದರೂ, ಡಿಸ್ಕ್ ಬಿಸಿಯಾಗಿ ನೀವೇ ನಿಲ್ಲಿಸಿದರೂ, ಅದೇ ಆಜ್ಞೆ ಮತ್ತೆ ಕೊಟ್ಟರೆ ಬಿಟ್ಟ ಕಡೆಯಿಂದಲೇ ಮುಂದುವರಿಯುತ್ತದೆ.

ಪರದೆಯ ಮುಂದೆ ಕೂತು ನೋಡಿದವರಿಗೆ ಆ ಅನುಭವ ಮರೆಯುವುದಿಲ್ಲ. "ಪಡೆದದ್ದು" ಅನ್ನುವ ಅಂಕಿ ಸೆಕೆಂಡಿಗೆ ನೂರು ಎಂಬಿ ಲೆಕ್ಕದಲ್ಲಿ ಓಡುತ್ತಿರುತ್ತದೆ. ಇದ್ದಕ್ಕಿದ್ದ ಹಾಗೆ ವೇಗ ಸೊನ್ನೆಗೆ ಬೀಳುತ್ತದೆ. ಡಿಸ್ಕಿನಿಂದ ಸಣ್ಣ ಗೊರಗೊರ ಸದ್ದು. "ಕೊನೆಯ ಬಾರಿ ಓದು ಯಶಸ್ವಿಯಾಗಿ ಇಷ್ಟು ಸೆಕೆಂಡ್ ಆಯಿತು" ಅನ್ನುವ ಅಂಕಿ ಮಾತ್ರ ಏರುತ್ತದೆ: 8, 15, 22. ನೀವು ಉಸಿರು ಬಿಗಿಹಿಡಿದು ಕೂತಿರುತ್ತೀರಿ. ಆಮೇಲೆ ಒಂದು ನೆಗೆತ, ಮತ್ತೆ ಓಟ. ನನ್ನ ಒಂದು ಡಿಸ್ಕ್‌ನಲ್ಲಿ ಹೀಗೆ ರಾತ್ರಿಯಿಡೀ ನಡೆದು, ಬೆಳಿಗ್ಗೆ ನೋಡಿದಾಗ ಓದಲಾಗದೆ ಉಳಿದಿದ್ದು ಬರೀ 40 ಕೆಬಿ. ಆ 40 ಕೆಬಿ ಯಾವ ಫೈಲಿನದ್ದು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಬೇಕಾದದ್ದೆಲ್ಲ ತೆರೆಯಿತು.

ಒಂದು ಎಚ್ಚರಿಕೆ. ಆಜ್ಞೆಯಲ್ಲಿ ಮೂಲ ಡಿಸ್ಕಿನ ಹೆಸರು ಮೊದಲು, ನಕಲು ಆಮೇಲೆ. ಎರಡನ್ನೂ ಅದಲು ಬದಲು ಮಾಡಿದರೆ ಖಾಲಿ ಡಿಸ್ಕ್ ಬಂದು ನಿಮ್ಮ ಡೇಟಾ ಮೇಲೆ ಬರೆದುಕೊಳ್ಳುತ್ತದೆ. ಎಂಟರ್ ಒತ್ತುವ ಮೊದಲು ಗಾತ್ರ, ಮಾಡೆಲ್, ಸೀರಿಯಲ್ ನಂಬರ್ ಮೂರನ್ನೂ ಜೋರಾಗಿ ಓದಿಕೊಳ್ಳಿ. ನಾನು ಇಂದಿಗೂ ಹಾಗೆ ಮಾಡುತ್ತೇನೆ.

ಇಮೇಜ್ ತೆಗೆಯಲು ಎಷ್ಟು ಹೊತ್ತು ಹಿಡಿಯುತ್ತದೆ? ಎಷ್ಟು ಜಾಗ ಬೇಕು?

ಮೂಲ ಡಿಸ್ಕಿನಷ್ಟೇ ಅಥವಾ ಇನ್ನೂ ದೊಡ್ಡ ಡಿಸ್ಕ್ ಬೇಕು. ಆರೋಗ್ಯವಾಗಿರುವ 1 ಟಿಬಿ ಡಿಸ್ಕ್ ಸೆಕೆಂಡಿಗೆ 100 ಎಂಬಿ ಲೆಕ್ಕದಲ್ಲಿ ಮೂರು ಗಂಟೆಯ ಒಳಗೆ ಮುಗಿಯುತ್ತದೆ. ಕೆಟ್ಟ ಸೆಕ್ಟರ್ ಜಾಸ್ತಿ ಇದ್ದರೆ ದಿನಗಟ್ಟಲೆ ಹಿಡಿಯಬಹುದು. ಅವಸರ ಮಾಡಬೇಡಿ. ದೊಡ್ಡ ಡಿಸ್ಕ್ ಕೈಯಲ್ಲಿಲ್ಲ ಅಂದರೆ, ಸಿಗುವ ತನಕ ಕೆಟ್ಟ ಡಿಸ್ಕನ್ನು ಹಾಗೇ ಡ್ರಾಯರಿನಲ್ಲಿಟ್ಟಿರಿ. ಕರೆಂಟ್ ಇಲ್ಲದೆ ಒಂದು ತಿಂಗಳು ಕೂತರೆ ಹಾರ್ಡ್ ಡಿಸ್ಕಿಗೆ ಏನೂ ಆಗುವುದಿಲ್ಲ.

ಪಾರ್ಟಿಷನ್ ಪೂರ್ತಿ ಮಾಯವಾಗಿದೆ. ವಾಪಸ್ ತರುವುದು ಹೇಗೆ?

ಟೆಸ್ಟ್‌ಡಿಸ್ಕ್ ಬಳಸಿ. ಕ್ರಿಸ್ಟೋಫ್ ಗ್ರೆನಿಯೆ ಬರೆದ ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ನೋಡಲು ಕಪ್ಪು ಪರದೆ, ಬಾಣದ ಕೀಗಳಲ್ಲೇ ಓಡಾಟ. ಅದನ್ನು ಕಂಡು ಹೆದರಬೇಡಿ.

ಡಿಸ್ಕ್ ಆರಿಸಿದ ಮೇಲೆ ಪಟ್ಟಿ ಯಾವ ಬಗೆಯದು ಅಂತ ಕೇಳುತ್ತದೆ. ಎಂಬಿಆರ್ ಆದರೆ "ಇಂಟೆಲ್", ಜಿಪಿಟಿ ಆದರೆ "ಇಎಫ್‌ಐ ಜಿಪಿಟಿ". ಹೆಚ್ಚಾಗಿ ಸರಿಯಾದದ್ದನ್ನು ಅದೇ ಊಹಿಸಿರುತ್ತದೆ. ಆಮೇಲೆ "ಅನಲೈಸ್", ಅಲ್ಲಿಂದ "ಕ್ವಿಕ್ ಸರ್ಚ್". ಫೈಲ್ ಸಿಸ್ಟಮ್‌ಗಳ ಆರಂಭದ ಗುರುತು ಎಲ್ಲಿದೆ ಅಂತ ಡಿಸ್ಕ್ ಮೇಲೆ ಹುಡುಕುತ್ತಾ ಹೋಗುತ್ತದೆ. ವಿಂಡೋಸ್ ವಿಸ್ತಾದಿಂದ ಈಚೆಗೆ ಮಾಡಿದ ಪಾರ್ಟಿಷನ್ ಸಾಮಾನ್ಯವಾಗಿ 2048ನೇ ಸೆಕ್ಟರಿನಲ್ಲಿ ಶುರುವಾಗುತ್ತದೆ, ಎಕ್ಸ್‌ಪಿ ಕಾಲದ್ದು 63ರಲ್ಲಿ. ಹಾಗಾಗಿ ಮೊದಲ ಪಾರ್ಟಿಷನ್ ಕಣ್ಣು ಮಿಟುಕಿಸುವಷ್ಟರಲ್ಲಿ ಸಿಗುವುದುಂಟು. ಸಿಗದಿದ್ದರೆ "ಡೀಪರ್ ಸರ್ಚ್". ಅದು ನಿಧಾನ.

ಸಿಕ್ಕ ಪಾರ್ಟಿಷನ್ ಮೇಲೆ ನಿಂತು ಪಿ ಅಕ್ಷರ ಒತ್ತಿ. ಒಳಗಿನ ಫೈಲ್ ಪಟ್ಟಿ ಕಾಣಬೇಕು. ನಿಮ್ಮ ಫೋಲ್ಡರ್ ಹೆಸರುಗಳು ಅಲ್ಲಿ ಕಂಡರೆ ಅರ್ಧ ಗೆದ್ದಂತೆ. ಬೇಕಾದ ಫೋಲ್ಡರ್‌ಗಳನ್ನು ಅಲ್ಲಿಂದಲೇ ಬೇರೆ ಡಿಸ್ಕಿಗೆ ಕಾಪಿ ಮಾಡಬಹುದು. ನನ್ನ ಸಲಹೆ ಇದೇ: ಮೊದಲು ಕಾಪಿ, ಆಮೇಲೆ ದುರಸ್ತಿ. "ರೈಟ್" ಒತ್ತುವ ತನಕ ಟೆಸ್ಟ್‌ಡಿಸ್ಕ್ ಪಟ್ಟಿಯನ್ನು ಮುಟ್ಟುವುದಿಲ್ಲ. ಫೈಲ್ ಪಟ್ಟಿ ಕಾಣದಿದ್ದರೂ "ನೋಡೋಣ" ಅಂತ ರೈಟ್ ಒತ್ತಬೇಡಿ. ಹಳೆಯ, ಎಂದೋ ಅಳಿಸಿದ ಪಾರ್ಟಿಷನ್‌ಗಳ ನೆರಳೂ ಹುಡುಕಿ ಸಿಕ್ಕವುಗಳ ಪಟ್ಟಿಯಲ್ಲಿ ಬರುತ್ತದೆ. ಒಂದರ ಮೇಲೊಂದು ಬರುವ ಎರಡು ಪಾರ್ಟಿಷನ್ ಕಂಡರೆ ಅದರಲ್ಲಿ ಒಂದು ಹಳೆಯದು ಅಂತ ತಿಳಿಯಿರಿ.

ಪಾರ್ಟಿಷನ್ ಕಾಣುತ್ತಿದೆ, ಆದರೆ "ರಾ" ಅಂತ ತೋರಿಸುತ್ತಿದೆ.

ಗಡಿ ಸರಿಯಿದೆ, ಬಾಗಿಲು ಕೆಟ್ಟಿದೆ. ಪಾರ್ಟಿಷನ್‌ನ ಮೊದಲ ಸೆಕ್ಟರ್ ಆದ ಬೂಟ್ ಸೆಕ್ಟರ್ ಓದಲಾಗದಿದ್ದಾಗ ಹೀಗಾಗುತ್ತದೆ. ಒಳ್ಳೆಯ ಸುದ್ದಿ ಅಂದರೆ ಮಾಡಿದವರು ಇದಕ್ಕೊಂದು ನಕಲು ಇಟ್ಟಿದ್ದಾರೆ. ಎನ್‌ಟಿಎಫ್‌ಎಸ್‌ನಲ್ಲಿ ಅದು ಪಾರ್ಟಿಷನ್‌ನ ಕೊನೆಯ ಸೆಕ್ಟರಿನಲ್ಲಿ, ಪೆನ್‌ಡ್ರೈವ್‌ಗಳಲ್ಲಿ ಕಾಣುವ ಫ್ಯಾಟ್32ರಲ್ಲಿ ಸಾಮಾನ್ಯವಾಗಿ 6ನೇ ಸೆಕ್ಟರಿನಲ್ಲಿ, ಎಕ್ಸ್‌ಫ್ಯಾಟ್‌ನಲ್ಲಿ 12ರಿಂದ ಶುರು. ಟೆಸ್ಟ್‌ಡಿಸ್ಕಿನ "ಅಡ್ವಾನ್ಸ್ಡ್" ವಿಭಾಗದ "ಬೂಟ್" ಎರಡನ್ನೂ ಹೋಲಿಸಿ ತೋರಿಸುತ್ತದೆ. ಮೂಲ ಕೆಟ್ಟಿದೆ, ನಕಲು ಸರಿಯಿದೆ ಅಂದರೆ ನಕಲನ್ನು ಮೂಲದ ಮೇಲೆ ಹಾಕಬಹುದು. ಇದನ್ನೂ ಇಮೇಜ್ ಮೇಲೆಯೇ ಮಾಡಿ.

ಹೆಕ್ಸ್ ಎಡಿಟರ್ (ಡಿಸ್ಕಿನ ಬೈಟ್‌ಗಳನ್ನು ಇದ್ದ ಹಾಗೇ ತೋರಿಸುವ ತಂತ್ರಾಂಶ) ತೆರೆದು ಒಮ್ಮೆ ಕಣ್ಣಾರೆ ನೋಡಿದರೆ ಧೈರ್ಯ ಬರುತ್ತದೆ. ಸರಿಯಾದ ಬೂಟ್ ಸೆಕ್ಟರಿನ ಬಲಬದಿಯಲ್ಲಿ, ಮೊದಲ ಸಾಲಿನಲ್ಲೇ ಎನ್‌ಟಿಎಫ್‌ಎಸ್ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದಿರುತ್ತದೆ. ಕೆಟ್ಟದ್ದರಲ್ಲಿ ಬರೀ ಸೊನ್ನೆ. ಸೊನ್ನೆಗಳನ್ನು ದಾಟಿ ಕೆಳಗೆ ಹೋಗುತ್ತಿದ್ದರೆ ಎಲ್ಲೋ ಒಂದು ಕಡೆ "ಫೈಲ್" ಅನ್ನುವ ನಾಲ್ಕು ಇಂಗ್ಲಿಷ್ ಅಕ್ಷರ ಸಿಗುತ್ತದೆ. 1024 ಬೈಟ್ ಕೆಳಗೆ ಮತ್ತೆ ಅದೇ. ಮತ್ತೆ ಅದೇ. ಅದೇ ಎಂಎಫ್‌ಟಿ. ಪ್ರತಿಯೊಂದರ ಕೆಳಗೂ ಒಂದು ಫೈಲಿನ ಹೆಸರು, ಅಕ್ಷರಗಳ ನಡುವೆ ಚುಕ್ಕಿ ಇಟ್ಟ ಹಾಗೆ. ಖಾಲಿ ಅಂತ ವಿಂಡೋಸ್ ಹೇಳಿದ ಡಿಸ್ಕಿನಲ್ಲಿ ನಿಮ್ಮದೇ ಫೈಲಿನ ಹೆಸರು ಓದುವ ಆ ಕ್ಷಣಕ್ಕೆ ಬೆಲೆ ಕಟ್ಟಲಾಗದು.

ಫೈಲ್ ಸಿಸ್ಟಮ್ ಪೂರ್ತಿ ಹಾಳಾಗಿದೆ. ಇನ್ನೇನೂ ದಾರಿ ಇಲ್ಲವಾ?

ಇದೆ. ಫೋಟೋರೆಕ್. ಟೆಸ್ಟ್‌ಡಿಸ್ಕ್ ಜೊತೆಗೇ ಬರುತ್ತದೆ. ಹೆಸರಲ್ಲಿ ಫೋಟೋ ಇದ್ದರೂ ನಾನೂರಕ್ಕೂ ಹೆಚ್ಚು ಬಗೆಯ ಫೈಲ್ ಗುರುತಿಸುತ್ತದೆ. ಅದು ಲೆಕ್ಕದ ಪುಸ್ತಕದ ಗೊಡವೆಗೇ ಹೋಗುವುದಿಲ್ಲ. ನೇರ ವಿಷಯವನ್ನೇ ಓದುತ್ತದೆ. ಪ್ರತಿ ಬಗೆಯ ಫೈಲಿಗೂ ಒಂದು ಮುಖಚಹರೆ ಇರುತ್ತದೆ ಅಲ್ವಾ? ಜೆಪೆಗ್ ಫೋಟೋ ಎಫ್‌ಎಫ್ ಡಿ8 ಎಫ್‌ಎಫ್ ಅಂತ ಶುರುವಾಗುತ್ತದೆ. ಪಿಡಿಎಫ್ ತನ್ನ ಹೆಸರನ್ನೇ ಹೇಳಿಕೊಂಡು ಶುರುವಾಗುತ್ತದೆ. ವರ್ಡ್‌ನ ಡಾಕ್ಸ್ ಫೈಲ್ ಒಳಗಿಂದ ಒಂದು ಜಿಪ್, ಹಾಗಾಗಿ ಪಿಕೆ ಅನ್ನುವ ಎರಡಕ್ಷರದಿಂದ ಶುರು. ಇಂಥ ಗುರುತು ಕಂಡಲ್ಲಿಂದ ಫೈಲ್ ಎತ್ತಿಕೊಳ್ಳುತ್ತಾ ಹೋಗುತ್ತದೆ.

ಹೆಸರು, ಫೋಲ್ಡರ್ ಮಾತ್ರ ಸಿಗುವುದಿಲ್ಲ. ಎಫ್ ಅಕ್ಷರ, ಮುಂದೆ ಉದ್ದ ಸಂಖ್ಯೆ ಇರುವ ಸಾವಿರಾರು ಫೈಲ್‌ಗಳು, ಐನೂರೈನೂರರ ಫೋಲ್ಡರ್‌ಗಳಲ್ಲಿ. ಬ್ರೌಸರಿನ ಪುಟಾಣಿ ಐಕಾನ್‌ಗಳೂ ನಿಮ್ಮ ಫೋಟೋಗಳೂ ಒಂದೇ ರಾಶಿಯಲ್ಲಿ. ಬೇಡದ ಬಗೆಗಳನ್ನು ಮೊದಲೇ ಆಯ್ಕೆಯಿಂದ ತೆಗೆದಿಡಿ. ಆಮೇಲೆ ಗಾತ್ರದ ಪ್ರಕಾರ ಜೋಡಿಸಿದರೆ ದೊಡ್ಡ ಫೋಟೋಗಳು ಮೇಲೆ ಬರುತ್ತವೆ. ಕ್ಯಾಮೆರಾ ಫೋಟೋದ ಒಳಗೆ ತೆಗೆದ ದಿನಾಂಕ ಇರುತ್ತದೆ. ಎಕ್ಸಿಫ್‌ಟೂಲ್ ಅನ್ನುವ ತಂತ್ರಾಂಶ ಅದನ್ನು ಓದಿ ವರ್ಷ, ತಿಂಗಳಿನ ಫೋಲ್ಡರ್‌ಗಳಿಗೆ ತಾನೇ ಹಂಚುತ್ತದೆ.

ತುಂಡು ತುಂಡಾಗಿ ಬೇರೆ ಬೇರೆ ಕಡೆ ಇದ್ದ ದೊಡ್ಡ ಫೈಲ್‌ಗಳು ಈ ದಾರಿಯಲ್ಲಿ ಸರಿಯಾಗಿ ಬರುವುದು ಕಷ್ಟ. ಹಾಗಾಗಿ ಫೋಟೋರೆಕ್ ಕೊನೆಯ ಅಸ್ತ್ರ. ಎಂಎಫ್‌ಟಿ ಸ್ವಲ್ಪವಾದರೂ ಉಳಿದಿದ್ದರೆ ಡಿಎಂಡಿಇ, ಆರ್-ಸ್ಟುಡಿಯೋ ಥರದ ರಿಕವರಿ ಸಾಫ್ಟ್‌ವೇರ್‌ಗಳು ಹೆಸರಿನ ಸಮೇತ ತೆಗೆಯುತ್ತವೆ. ಮೊದಲು ಅವನ್ನು ನೋಡಿ. ಹಣ ಕೊಡುವ ಮೊದಲು ಉಚಿತ ಆವೃತ್ತಿಯಲ್ಲಿ ಸ್ಕ್ಯಾನ್ ಮಾಡಿ ನಿಮ್ಮ ಫೈಲ್ ನಿಜವಾಗಿ ತೆರೆದು ತೋರಿಸುತ್ತದೆಯೇ ನೋಡಿಕೊಳ್ಳಿ. ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಫೈಲ್ ಬಂತು ಅಂತಲ್ಲ.

ತಪ್ಪಿ ಫಾರ್ಮ್ಯಾಟ್ ಮಾಡಿಬಿಟ್ಟೆ.

ಕ್ವಿಕ್ ಫಾರ್ಮ್ಯಾಟ್ ಆದರೆ ಆಸೆ ಇದೆ. ಎನ್‌ಟಿಎಫ್‌ಎಸ್‌ನಲ್ಲಿ ಅದು ಹೊಸ ಖಾಲಿ ಪುಸ್ತಕ ತೆರೆಯುತ್ತದೆ. ಹಳೆಯದರ ಮೊದಲ ಪುಟಗಳು ಹೋಗಬಹುದು, ಮಿಕ್ಕವು ಹೆಚ್ಚಾಗಿ ಉಳಿದಿರುತ್ತವೆ. ಫ್ಯಾಟ್32ರಲ್ಲಿ ತುಂಡುಗಳ ಕೊಂಡಿಪಟ್ಟಿಯೇ ಸೊನ್ನೆಯಾಗುವುದರಿಂದ ಒಂದೇ ಕಡೆ ಇದ್ದ ಫೈಲ್ ಬರುತ್ತದೆ, ಚದುರಿದ್ದು ಕಷ್ಟ. ಪೂರ್ತಿ ಫಾರ್ಮ್ಯಾಟ್ ಬೇರೆ ಮಾತು. ವಿಸ್ತಾದಿಂದ ಈಚೆಗೆ ವಿಂಡೋಸ್ ಪೂರ್ತಿ ಫಾರ್ಮ್ಯಾಟಿನಲ್ಲಿ ಇಡೀ ಪಾರ್ಟಿಷನ್ ಮೇಲೆ ಸೊನ್ನೆ ಬರೆಯುತ್ತದೆ. ಬರೆದ ಜಾಗ ಮತ್ತೆ ಸಿಗದು. ಅರ್ಧಕ್ಕೆ ನಿಲ್ಲಿಸಿದ್ದರೆ ಉಳಿದರ್ಧಕ್ಕೆ ಹುಡುಕಿ.

ವಿಂಡೋಸಿನ ಆಜ್ಞಾ ಸಾಧನವಾದ ಡಿಸ್ಕ್‌ಪಾರ್ಟಿನ "ಕ್ಲೀನ್" ಪಟ್ಟಿಯನ್ನು ಮಾತ್ರ ಅಳಿಸುತ್ತದೆ. "ಕ್ಲೀನ್ ಆಲ್" ಎಲ್ಲವನ್ನೂ ಸೊನ್ನೆ ಮಾಡುತ್ತದೆ.

ನನ್ನದು ಎಸ್‌ಎಸ್‌ಡಿ. ಇದೇ ರೀತಿ ಮಾಡಬಹುದಾ?

ಇಲ್ಲಿ ಗಡಿಯಾರ ಓಡುತ್ತಿದೆ ಅಂತ ತಿಳಿಯಿರಿ. 2009ರ ವಿಂಡೋಸ್ 7ರಿಂದ ಟ್ರಿಮ್ ಅನ್ನುವ ಪದ್ಧತಿ ಇದೆ. ಫೈಲ್ ಅಳಿಸಿದ ಕೂಡಲೇ "ಈ ಜಾಗ ಇನ್ನು ಬೇಡ" ಅಂತ ಆಪರೇಟಿಂಗ್ ಸಿಸ್ಟಮ್ ಎಸ್‌ಎಸ್‌ಡಿಗೆ ಹೇಳಿಬಿಡುತ್ತದೆ. ಅದಾದ ಮೇಲೆ ಆ ಜಾಗ ಓದಿದರೆ ಸಾಮಾನ್ಯವಾಗಿ ಸೊನ್ನೆಯೇ ಬರುತ್ತದೆ. ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಇಡೀ ಪಾರ್ಟಿಷನ್‌ಗೆ ಇದೇ ಗತಿ.

ಆದರೆ ಅಳಿಸಿದ್ದು ಬೇರೆ, ಪಟ್ಟಿ ಕೆಟ್ಟದ್ದು ಬೇರೆ. ಬರೀ ಪಾರ್ಟಿಷನ್ ಪಟ್ಟಿ ಅಥವಾ ಬೂಟ್ ಸೆಕ್ಟರ್ ಕೆಟ್ಟಿದ್ದರೆ ಟ್ರಿಮ್ ಯಾರೂ ಕಳಿಸಿರುವುದಿಲ್ಲ, ಡೇಟಾ ಅಲ್ಲೇ ಇರುತ್ತದೆ. ಮೇಲೆ ಹೇಳಿದ ಟೆಸ್ಟ್‌ಡಿಸ್ಕ್ ದಾರಿ ಇಲ್ಲಿಯೂ ನಡೆಯುತ್ತದೆ. ಎಸ್‌ಎಂಆರ್ ಅನ್ನುವ (ಪಕ್ಕದ ಸಾಲಿನ ಮೇಲೆ ಸ್ವಲ್ಪ ಹೊದ್ದುಕೊಳ್ಳುವ ಹಾಗೆ ಬರೆಯುವ) ಬಗೆಯ ಕೆಲವು ಹಾರ್ಡ್ ಡಿಸ್ಕ್‌ಗಳಲ್ಲೂ ಟ್ರಿಮ್ ಇರುತ್ತದೆ, ಗಮನದಲ್ಲಿರಲಿ.

ಡ್ರೈವ್‌ಗೆ ಬಿಟ್‌ಲಾಕರ್ ಹಾಕಿದ್ದೆ.

ಬಿಟ್‌ಲಾಕರ್ ಅಂದರೆ ವಿಂಡೋಸಿನ ಗೂಢಲಿಪಿ ಬೀಗ. ಅದರ 48 ಅಂಕಿಯ ರಿಕವರಿ ಕೀ ಹುಡುಕಿ. ಮೈಕ್ರೋಸಾಫ್ಟ್ ಖಾತೆಯಲ್ಲಿ, ಮುದ್ರಿಸಿದ ಹಾಳೆಯಲ್ಲಿ, ಕಚೇರಿಯ ಕಂಪ್ಯೂಟರ್ ಆದರೆ ಅಲ್ಲಿನ ಅಡ್ಮಿನ್ ಹತ್ತಿರ ಇರಬಹುದು. ಕೀ ಇದ್ದರೆ ವಿಂಡೋಸ್‌ನದ್ದೇ ರಿಪೇರ್-ಬಿಡಿಇ ಕೆಟ್ಟ ಪಾರ್ಟಿಷನ್ನಿನಿಂದ ಬಿಡಿಸಿದ ವಿಷಯವನ್ನು ಬೇರೆ ಡಿಸ್ಕಿಗೆ ಬರೆಯುತ್ತದೆ. ಕೀ, ಪಾಸ್‌ವರ್ಡ್ ಎರಡೂ ಇಲ್ಲದಿದ್ದರೆ ದಾರಿ ಇಲ್ಲ. "ನಾವು ಒಡೆದು ಕೊಡುತ್ತೇವೆ" ಅನ್ನುವವರ ಮಾತು ನಂಬಬೇಡಿ. ಲಿನಕ್ಸಿನಲ್ಲಿ ಇದೇ ಥರದ ಬೀಗವಾದ ಲಕ್ಸ್‌ನಲ್ಲಿ ಇನ್ನೂ ಕಠಿಣ: ಕೀ ಇಟ್ಟಿರುವ ಆರಂಭದ ಜಾಗ ಅಳಿದಿದ್ದರೆ ಪಾಸ್‌ವರ್ಡ್ ನೆನಪಿದ್ದರೂ ತೆರೆಯುವುದಿಲ್ಲ. ಹೆಡರ್ ನಕಲು ಮೊದಲೇ ತೆಗೆದಿಟ್ಟವರಿಗೆ ಮಾತ್ರ ಉಳಿಗಾಲ.

ಎಕ್ಸ್‌ಟರ್ನಲ್ ಡಿಸ್ಕನ್ನು ಅದರ ಡಬ್ಬಿಯಿಂದ ತೆಗೆದು ನೇರ ಕಂಪ್ಯೂಟರಿಗೆ ಹಾಕಿದೆ. ಏನೂ ಕಾಣುತ್ತಿಲ್ಲ.

ಮತ್ತೆ ಅದೇ ಡಬ್ಬಿಗೆ ಹಾಕಿ ನೋಡಿ. ಕೆಲವು ಡಬ್ಬಿಗಳು 512 ಬೈಟಿನ ಸೆಕ್ಟರನ್ನು ಕಂಪ್ಯೂಟರಿಗೆ 4096 ಬೈಟ್ ಅಂತ ತೋರಿಸುತ್ತವೆ. ನೇರ ಹಾಕಿದರೆ ಪಟ್ಟಿಯ ಲೆಕ್ಕವೇ ತಪ್ಪುತ್ತದೆ. ಇನ್ನು ಕೆಲವು ಡಬ್ಬಿಗಳ ಬೋರ್ಡ್, ನೀವು ಪಾಸ್‌ವರ್ಡ್ ಇಡದಿದ್ದರೂ, ಎಲ್ಲವನ್ನೂ ಗೂಢಲಿಪಿಯಲ್ಲೇ ಬರೆದಿರುತ್ತದೆ. ಹಾಗಾಗಿ ಹಳೆಯ ಬೋರ್ಡನ್ನು ಎಂದೂ ಎಸೆಯಬೇಡಿ.

ಲಿನಕ್ಸಿನ ಎಕ್ಸ್‌ಟಿ4 ಪಾರ್ಟಿಷನ್ ಮೌಂಟ್ ಆಗುತ್ತಿಲ್ಲ (ತೆರೆಯುತ್ತಿಲ್ಲ).

ಫೈಲ್ ಸಿಸ್ಟಮ್‌ನ ಮೂಲ ವಿವರ ಇರುವ ಸೂಪರ್‌ಬ್ಲಾಕ್ ಕೆಟ್ಟಿರಬಹುದು. ಅದರ ನಕಲುಗಳು ಡಿಸ್ಕ್ ಉದ್ದಕ್ಕೂ ಇವೆ. 4 ಕೆಬಿ ಬ್ಲಾಕ್ ಆದರೆ ಮೊದಲ ನಕಲು 32768ರಲ್ಲಿ, ಮುಂದಿನದು 98304ರಲ್ಲಿ. ಎಕ್ಸ್‌ಟಿ4ರ ಎಫ್‌ಎಸ್‌ಸಿಕೆ ಆದ ಇ2ಎಫ್‌ಎಸ್‌ಸಿಕೆಗೆ ಹೈಫನ್ ಬಿ ಜೊತೆ ಈ ಸಂಖ್ಯೆ ಕೊಟ್ಟರೆ ಅದನ್ನೇ ಬಳಸುತ್ತದೆ. ಇಮೇಜ್ ಮೇಲೆ ಮಾತ್ರ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ: ಓದಲು ಮಾತ್ರ ಅಂತ ಮೌಂಟ್ ಮಾಡಿದರೂ ಎಕ್ಸ್‌ಟಿ4 ತನ್ನ ಜರ್ನಲ್‌ನಲ್ಲಿ (ಮಾಡಬೇಕಾದ ಬದಲಾವಣೆಗಳ ದಿನಚರಿಯಲ್ಲಿ) ಬಾಕಿ ಇದ್ದದ್ದನ್ನು ಡಿಸ್ಕಿಗೆ ಬರೆದುಬಿಡುತ್ತದೆ. ಅದನ್ನು ತಡೆಯಲು "ನೋಲೋಡ್" ಆಯ್ಕೆ ಕೊಡಬೇಕು. ಅಳಿಸಿದ ಫೈಲ್ ವಿಷಯದಲ್ಲಿ ಎಕ್ಸ್‌ಟಿ4 ಎನ್‌ಟಿಎಫ್‌ಎಸ್‌ನಷ್ಟು ಉದಾರಿ ಅಲ್ಲ. ತುಂಡುಗಳು ಎಲ್ಲಿದ್ದವು ಅನ್ನುವ ಗುರುತನ್ನೇ ಅಳಿಸಿಬಿಡುತ್ತದೆ.

ಡಿಸ್ಕ್ ಟಕ್ ಟಕ್ ಅನ್ನುತ್ತಿದೆ. ಫ್ರೀಜರಿನಲ್ಲಿಟ್ಟರೆ ಸರಿಯಾಗುತ್ತದಂತೆ?

ಇಡಬೇಡಿ. ಹೊರಗೆ ತೆಗೆದ ಕೂಡಲೇ ಒಳಗೆ ತೇವ ಕಟ್ಟುತ್ತದೆ. ಓದುವ ಹೆಡ್ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ, ಕೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೋಮೀಟರ್. ತಟ್ಟೆ ಸೆಕೆಂಡಿಗೆ 120 ಸುತ್ತು ತಿರುಗುತ್ತಿರುವಾಗ ಆ ಸಂದಿಯಲ್ಲಿ ನೀರಿನ ಹನಿ ಸಿಕ್ಕರೆ ಏನಾಗಬಹುದು ನೀವೇ ಯೋಚಿಸಿ. ತಟ್ಟುವುದು, ಕುಲುಕುವುದು, ಮುಚ್ಚಳ ತೆಗೆಯುವುದು ಎಲ್ಲವೂ ಬೇಡ.

ಕೆಳಗಿನ ಹಸಿರು ಬೋರ್ಡನ್ನು ಅದೇ ಮಾಡೆಲಿನ ಬೇರೆ ಡಿಸ್ಕಿನಿಂದ ತಂದು ಹಾಕಿದರೆ ಆಯಿತು ಅಂತಲೂ ಹೇಳುತ್ತಾರೆ. ತೀರಾ ಹಳೆಯ ಡಿಸ್ಕ್‌ಗಳಲ್ಲಿ ಅದು ನಡೆಯುತ್ತಿತ್ತು. ಈಗಿನ ಬೋರ್ಡಿನ ಒಂದು ಚಿಪ್‌ನಲ್ಲಿ ಆಯಾ ಡಿಸ್ಕಿಗಷ್ಟೇ ಹೊಂದುವ ಅಳತೆಗಳಿರುತ್ತವೆ. ಆ ಚಿಪ್ಪನ್ನೂ ಬಿಚ್ಚಿ ಹೊಸ ಬೋರ್ಡಿಗೆ ಬೆಸುಗೆ ಹಾಕಬೇಕು.

ಹಾಗಾದರೆ ಲ್ಯಾಬಿಗೆ ಯಾವಾಗ ಕೊಡಬೇಕು?

ಸದ್ದು ಕೆಟ್ಟಿದ್ದರೆ, ಬಿದ್ದಿದ್ದರೆ, ನೀರು ಹೋಗಿದ್ದರೆ, ಕಂಪ್ಯೂಟರ್ ಶುರುವಾಗುವಾಗಿನ ಬಯೋಸ್ ಪಟ್ಟಿಯಲ್ಲೇ ಕಾಣದಿದ್ದರೆ, ಅಥವಾ ಒಳಗಿರುವುದನ್ನು ಕಳೆದುಕೊಂಡರೆ ಬದುಕಿಡೀ ಕೊರಗುತ್ತೀರಿ ಅನ್ನುವ ಹಾಗಿದ್ದರೆ, ಏನನ್ನೂ ಪ್ರಯತ್ನಿಸದೆ ಮೊದಲೇ ಕೊಡಿ. ಎಲ್ಲ ಮಾಡಿ ಸೋತ ಮೇಲೆ ಕೊಟ್ಟರೆ ಅವರ ಕೈಗೂ ಉಳಿದಿರುವುದು ಕಡಿಮೆ. ಧೂಳಿಲ್ಲದ ಕೋಣೆ ಇದೆಯೇ, ಸಿಗದಿದ್ದರೆ ಶುಲ್ಕ ಎಷ್ಟು, ಹಣ ಕೊಡುವ ಮೊದಲು ಫೈಲ್ ಪಟ್ಟಿ ತೋರಿಸುತ್ತಾರೆಯೇ ಅಂತ ಕೇಳಿ. ನೀವು ಈವರೆಗೆ ಏನೇನು ಮಾಡಿದಿರಿ ಅನ್ನುವುದನ್ನು ಮುಚ್ಚಿಡದೆ ಹೇಳಿ. ಅವರಿಗೆ ಅದರಿಂದ ನಿಜವಾಗಿ ಸಹಾಯವಾಗುತ್ತದೆ.

ಸಿಕ್ಕ ಫೈಲ್‌ಗಳಲ್ಲಿ ಕೆಲವು ತೆರೆಯುತ್ತಿಲ್ಲ.

ಅಳಿಸಬೇಡಿ. ಕ್ಯಾಮೆರಾದ ಎಂಪಿ4 ವಿಡಿಯೋಗಳಲ್ಲಿ ಸೂಚಿ ಹೆಚ್ಚಾಗಿ ಕೊನೆಯಲ್ಲಿರುತ್ತದೆ. ಬಾಲ ತುಂಡಾದರೆ ಇಡೀ ವಿಡಿಯೋ ಓಡುವುದಿಲ್ಲ, ಚಿತ್ರಗಳು ಒಳಗೇ ಇದ್ದರೂ. ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಇನ್ನೊಂದು ಒಳ್ಳೆಯ ವಿಡಿಯೋ ಇದ್ದರೆ, ಅನ್‌ಟ್ರಂಕ್ ಅನ್ನುವ ಸಾಧನ ಅದನ್ನು ನೋಡಿಕೊಂಡು ಕೆಟ್ಟದ್ದಕ್ಕೆ ಹೊಸ ಸೂಚಿ ಕಟ್ಟುತ್ತದೆ. ಡಾಕ್ಸ್ ಫೈಲನ್ನು ಜಿಪ್ ರಿಪೇರಿ ಮಾಡುವ ಸಾಧನಕ್ಕೆ ಕೊಟ್ಟರೆ ಬರೆದ ಮಾತಾದರೂ ಸಿಗಬಹುದು. ಅರ್ಧ ಬೂದಾದ ಫೋಟೋದೊಳಗೆ ಪುಟ್ಟ ಥಂಬ್‌ನೇಲ್ ಪೂರ್ತಿ ಉಳಿದಿರುವುದುಂಟು. ಎಕ್ಸಿಫ್‌ಟೂಲ್ ಅದನ್ನು ಹೊರತೆಗೆಯುತ್ತದೆ. ಚಿಕ್ಕದು, ನಿಜ. ಮುಖ ಗುರುತು ಸಿಗುತ್ತದೆ.

ಎಲ್ಲ ಮುಗಿಯಿತು. ಹಳೆಯ ಡಿಸ್ಕ್ ಏನು ಮಾಡಲಿ?

ತಕ್ಷಣ ಎಸೆಯಬೇಡಿ. ಬಂದ ಫೈಲ್‌ಗಳನ್ನು ಒಂದೆರಡು ವಾರ ತೆರೆದು ನೋಡಿ. ಬಿಟ್ಟುಹೋದ ಫೋಲ್ಡರ್ ನೆನಪಾಗುವುದು ಯಾವಾಗಲೂ ಆಮೇಲೆಯೇ. ಎರಡು ಬೇರೆ ಬೇರೆ ಕಡೆ ಪ್ರತಿ ಆದ ಮೇಲೆ, ಡಿಸ್ಕ್ ಇನ್ನೂ ಓಡುತ್ತಿದ್ದರೆ ಪೂರ್ತಿ ಒಮ್ಮೆ ಸೊನ್ನೆ ಬರೆಯಿರಿ. ಹಾರ್ಡ್ ಡಿಸ್ಕಿಗೆ ಒಂದು ಸುತ್ತು ಸಾಕು. ಬದಲಿ ಜಾಗಕ್ಕೆ ಹೋದ ಕೆಟ್ಟ ಸೆಕ್ಟರ್‌ಗಳ ಮೇಲೆ ಮಾತ್ರ ಹೀಗೆ ಬರೆಯಲು ಆಗುವುದಿಲ್ಲ. ಒಳಗೆ ಬ್ಯಾಂಕಿನ ಕಾಗದ, ಪಾಸ್‌ವರ್ಡ್ ಥರದ್ದು ಇದ್ದರೆ, ಅಥವಾ ಡಿಸ್ಕ್ ತಿರುಗುತ್ತಲೇ ಇಲ್ಲ ಅಂದರೆ, ತಟ್ಟೆಗಳನ್ನು ಹೊರತೆಗೆದು ಒಡೆದು ಹಾಕಿ. ಕೆಲವು ತಟ್ಟೆ ಗಾಜಿನವು, ಚೂರು ಸಿಡಿಯುತ್ತದೆ. ದಪ್ಪ ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಒಡೆಯಿರಿ.